ಐಲ್ಸ್ ಬಿದ್ದ ಕಥೆ, ಏಳು ಎಪಿಸೋಡ್: ನನ್ನ ಪಟ್ಟಿಯಲ್ಲಿ 2008ಕ್ಕೆ ಮೊದಲ ಸ್ಥಾನ, ನಿಮ್ಮದು ಹೇಳಿ

ಅಮಾನಿಕೆರೆ ದಂಡೆ

ದ ಲೌಡೆಸ್ಟ್ ವಾಯ್ಸ್ ಅನ್ನುವ ಸೀರೀಸ್ ನೋಡಿ ಮುಗಿಸಿದೆ. ಏಳೇ ಎಪಿಸೋಡ್. ರಾತ್ರಿ ಪಾತ್ರೆ ತೊಳೆದು, ಎಲ್ಲರೂ ಮಲಗಿದ ಮೇಲೆ ದಿನಕ್ಕೊಂದರಂತೆ ನೋಡಿದೆ. ಕೊನೆಯದು ಮುಗಿದಾಗ ಹನ್ನೆರಡೂವರೆ. ಬಿ.ಎಚ್. ರಸ್ತೆ ಕಡೆಯಿಂದ ಲಾರಿ ಸದ್ದು ಬಿಟ್ಟರೆ ಊರು ತಣ್ಣಗಿತ್ತು, ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೋಡದವರಿಗೆ ಎರಡು ಮಾತು. ಅಮೆರಿಕದ ಫಾಕ್ಸ್ ನ್ಯೂಸ್ ಚಾನೆಲ್ ಕಟ್ಟಿದ ರೋಜರ್ ಐಲ್ಸ್ ಎಂಬ ಮನುಷ್ಯನ ನಿಜವಾದ ಕಥೆ ಇದು. 1996ರ ಅಕ್ಟೋಬರ್ 7ಕ್ಕೆ ಚಾನೆಲ್ ಶುರು ಮಾಡಿದ. ಇಪ್ಪತ್ತು ವರ್ಷ ಅವನು ಹೇಳಿದ್ದೇ ನಡೆಯಿತು. 2016ರ ಜುಲೈನಲ್ಲಿ ಅಲ್ಲೇ ನಿರೂಪಕಿಯಾಗಿದ್ದ ಗ್ರೆಚನ್ ಕಾರ್ಲ್‌ಸನ್ ಲೈಂಗಿಕ ಕಿರುಕುಳದ ಕೇಸು ಹಾಕಿದರು. ಹದಿನೈದು ದಿನಕ್ಕೆ ಐಲ್ಸ್ ಕುರ್ಚಿ ಹೋಯಿತು. ಸೀರೀಸ್ ಬಂದದ್ದು 2019ರಲ್ಲಿ. ಪ್ರತಿ ಎಪಿಸೋಡಿಗೂ ಒಂದು ಇಸವಿಯೇ ಹೆಸರು: 1995, 2001, 2008, 2009, 2012, 2015, 2016.

ನನ್ನ ಪಟ್ಟಿಯಲ್ಲಿ ಕೊನೆಗೆ ಬರುವುದು 2012. ಅದು ಸಾಗುವುದೇ ಇಲ್ಲ. ಅದರ ಮೇಲೆ 2009. ಐಲ್ಸ್ ಮತ್ತು ಅವನ ಹೆಂಡತಿ ತಾವಿರುವ ಸಣ್ಣ ಊರಿನ ಪತ್ರಿಕೆಯನ್ನೇ ಕೊಂಡು ಊರನ್ನು ಆಳಲು ಹೋಗುವ ಭಾಗ ಚೆನ್ನಾಗಿದೆ. ನಮ್ಮಂಥ ಊರಿನವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ, ಪತ್ರಿಕೆ ಯಾರದು ಅಂತ ಗೊತ್ತಾದರೆ ನಾಳೆ ಅದರಲ್ಲಿ ಏನು ಬರುತ್ತದೆ ಅಂತ ಟೀ ಅಂಗಡಿಯಲ್ಲೇ ಹೇಳಿಬಿಡುತ್ತೇವೆ. ಐದನೆಯದು 2016, ಅವನು ಬೀಳುವ ಎಪಿಸೋಡ್. ನಾಲ್ಕು 2001, ಮೂರು 1995, ಎರಡು 2015.

ಮೊದಲನೆಯದು 2008. ಇದಕ್ಕೆ ತುಂಬಾ ಜನ ಒಪ್ಪುವುದಿಲ್ಲ ಅಂತ ಗೊತ್ತು. ಹೊರಗೆ ಇಡೀ ದೇಶ ಒಬಾಮ ಗೆಲ್ಲುತ್ತಾರಾ ಅಂತ ಕಾಯುತ್ತಿದೆ. ಒಳಗೆ ಲಾರಿ ಲೂನ್ ಎಂಬ ಹೆಂಗಸು ಕುಸಿದುಹೋಗುತ್ತಿದ್ದಾಳೆ. ಇಪ್ಪತ್ತು ವರ್ಷದಿಂದ ಐಲ್ಸ್ ಆಕೆಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದಾನೆ. ಕೆಲಸ, ಸಂಬಳ, ಎಲ್ಲಿರಬೇಕು, ಯಾರ ಜೊತೆ ಮಾತಾಡಬೇಕು, ಎಲ್ಲವೂ ಅವನ ಕೈಯಲ್ಲಿ. ಆಫೀಸಿನಲ್ಲಿ ಎಲ್ಲರಿಗೂ ಎಷ್ಟೋ ಗೊತ್ತು. ಒಬ್ಬರೂ ಬಾಯಿ ಬಿಡುವುದಿಲ್ಲ. ನಾನು ಈ ಎಪಿಸೋಡ್ ಮಾತ್ರ ಎರಡು ಸಲ ನೋಡಿದೆ. ಎರಡನೇ ಸಲ ಐಲ್ಸ್ ಮುಖ ನೋಡಲಿಲ್ಲ, ಅವನ ಕೋಣೆ ಹೊರಗೆ ಕೂರುವ ಸೆಕ್ರೆಟರಿ ಜೂಡಿಯನ್ನೇ ನೋಡುತ್ತಿದ್ದೆ.

ಬೀಳುವುದು ಅಂದರೆ ಕೊನೆ ದಿನದ ಗಲಾಟೆ ಅಲ್ಲ ಅಲ್ವಾ? ಅಷ್ಟು ವರ್ಷ ಅವನು ಬೀಳದಂತೆ ಹಿಡಿದುಕೊಂಡವರು ಯಾರು ಅನ್ನುವುದನ್ನು ತೋರಿಸುವ ಎಪಿಸೋಡೇ ನನಗೆ ದೊಡ್ಡದು. ನಿಮ್ಮ ಪಟ್ಟಿ ಹಾಕಿ.

ಗುಬ್ಬಿ ಹುಡುಗ

ಅಕ್ಕ, 2012 ಕೊನೆಗೆ ಹಾಕಿದ್ದು ಸರಿಯಾಗಿದೆ. ಆದರೆ 1995 ಮೂರನೆಯದಾ? ನನಗೆ ಅದೇ ಮೊದಲು.

ನಾನು ನಾಟಕದವನು, ನಟನೆ ಕಡೆಯಿಂದ ಹೇಳುತ್ತೇನೆ. ನಮ್ಮೂರಿನ ಕಂಪನಿ ನಾಟಕ 1884ರಿಂದ ಇದ್ದದ್ದು, ಆ ಗಾಳಿ ಕುಡಿದು ಬೆಳೆದವರು ನಾವು. ನಮ್ಮ ತಾತ ಒಂದು ಮಾತು ಹೇಳುತ್ತಿದ್ದರು, ಖಳನ ಪಾತ್ರ ಮಾಡುವವನು ಮೊದಲ ಅಂಕದಲ್ಲಿ ಜನರ ಪ್ರೀತಿ ಗಳಿಸಬೇಕು, ಇಲ್ಲದಿದ್ದರೆ ಕೊನೆ ಅಂಕದಲ್ಲಿ ಜನ ಸುಮ್ನೆ ಬೀಡಿ ಹಚ್ಚಲು ಎದ್ದು ಹೋಗುತ್ತಾರೆ ಅಂತ. ಐಲ್ಸ್ ಪಾತ್ರದ ರಸೆಲ್ ಕ್ರೋವ್ 1995ರಲ್ಲಿ ಮಾಡುವುದು ಅದನ್ನೇ. ಹಳೇ ಕೆಲಸ ಹೋಗಿದೆ, ಸೇಡು ಇದೆ, ಆರು ತಿಂಗಳಲ್ಲಿ ಹೊಸ ಚಾನೆಲ್ ಕಟ್ಟಿ ನಿಲ್ಲಿಸಬೇಕು. ಹುಡುಗರನ್ನು ಕೂರಿಸಿಕೊಂಡು ಮಾತಾಡುತ್ತಾನಲ್ಲ, ಆಗ ನಾನೂ ಎದ್ದು ಅವನ ಹಿಂದೆ ಹೋಗುತ್ತಿದ್ದೆ ಅನಿಸಿತು. ಶುರುವಿನಲ್ಲೇ ಅವನು ಸತ್ತು ನೆಲದ ಮೇಲೆ ಬಿದ್ದಿರುವುದನ್ನು ತೋರಿಸಿದ್ದಾರೆ. ಆದರೂ ಗೆಲ್ಲಲಿ ಅನಿಸುತ್ತದೆ. ಅದು ನಟನ ಕೆಲಸ.

ಮುಖದ ಮೇಲೆ ಅಷ್ಟು ದಪ್ಪದ ಮೇಕಪ್. ಗಲ್ಲ, ಕತ್ತು, ಹೊಟ್ಟೆ ಯಾವುದೂ ಅವರದ್ದಲ್ಲ. ಉಳಿದದ್ದು ಕಣ್ಣು ಮತ್ತು ಉಸಿರು. ಆ ಉಸಿರು ಗಮನಿಸಿ. ಎಪಿಸೋಡಿಂದ ಎಪಿಸೋಡಿಗೆ ಭಾರ ಆಗುತ್ತಾ ಹೋಗುತ್ತದೆ. 2016ರಲ್ಲಿ ಕುರ್ಚಿಯಿಂದ ಏಳುವಾಗ ಮೊದಲು ಉಸಿರು ಏಳುತ್ತದೆ, ಆಮೇಲೆ ಮನುಷ್ಯ. 2020ರ ಜನವರಿಯಲ್ಲಿ ಇದಕ್ಕೇ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. ಆಗ ಆಸ್ಟ್ರೇಲಿಯಾದಲ್ಲಿ ಕಾಡ್ಗಿಚ್ಚು, ಅವರು ಮನೆ ಬಿಟ್ಟು ಬರಲಿಲ್ಲ.

ಫಾಕ್ಸ್ ಮಾಲೀಕ ಮುರ್ಡೋಕ್ ಪಾತ್ರ ಮಾಡಿದ ಸೈಮನ್ ಮ್ಯಾಕ್‌ಬರ್ನಿ ಕೂಡ ನಾಟಕದವರೇ, ಲಂಡನ್‌ನಲ್ಲಿ ಕಾಂಪ್ಲಿಸಿಟೆ ಅನ್ನುವ ತಂಡ ಕಟ್ಟಿದವರಲ್ಲಿ ಒಬ್ಬರು. ಎಷ್ಟು ಕಡಿಮೆ ಮಾತಾಡುತ್ತಾರೆ ನೋಡಿ.

ಶಿರಾ ಗೇಟ್

1995ಕ್ಕೆ ನನ್ನದೂ ಒಂದು ಓಟು. ಕಾರಣ ಬೇರೆ. ನಾನು ಹದಿನೆಂಟು ವರ್ಷ ಕೇಬಲ್ ನಡೆಸಿದವನು. ಕಂಬದಿಂದ ಕಂಬಕ್ಕೆ ವೈರು ಎಳೆದಿದ್ದೇನೆ, ಮಳೆಗಾಲದಲ್ಲಿ ಆಂಪ್ಲಿಫಯರ್ ಸುಟ್ಟರೆ ರಾತ್ರಿ ಏಣಿ ಹೊತ್ತುಕೊಂಡು ಹೋಗಿದ್ದೇನೆ.

ಚಾನೆಲ್ ಹುಟ್ಟುವುದು ಸ್ಟುಡಿಯೋದಲ್ಲಿ ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲ. ಕೇಬಲ್‌ನವನು ಅದನ್ನು ಯಾವ ನಂಬರಿಗೆ ಹಾಕುತ್ತಾನೆ ಅನ್ನುವಲ್ಲಿ ಹುಟ್ಟುತ್ತದೆ. ಸೆಟ್‌ಟಾಪ್ ಬಾಕ್ಸ್ ಬರುವ ಮೊದಲು ನಮ್ಮಲ್ಲಿ ಪ್ರೈಮ್ ಬ್ಯಾಂಡ್ ಅಂದರೆ ಚಿನ್ನ. ಹಳೇ ಟಿವಿಗಳಲ್ಲಿ ಮೊದಲ ಹತ್ತು ಹನ್ನೆರಡು ಚಾನೆಲ್ ಮಾತ್ರ ಸ್ಪಷ್ಟವಾಗಿ ಬರುತ್ತಿದ್ದವು. ಅಲ್ಲಿ ಜಾಗ ಸಿಕ್ಕವನು ಉಳಿದ, ಸಿಗದವನು ಚುಕ್ಕಿಯೊಳಗೆ ಮುಳುಗಿದ. ಆ ಜಾಗಕ್ಕೆ ಚಾನೆಲ್‌ನವರು ದುಡ್ಡು ಕೊಡುತ್ತಿದ್ದರು.

ಅಮೆರಿಕದಲ್ಲಿ ಪದ್ಧತಿ ಉಲ್ಟಾ ಇತ್ತು. ಅಲ್ಲಿ ಕೇಬಲ್ ಕಂಪನಿಯೇ ಚಾನೆಲ್‌ಗೆ ದುಡ್ಡು ಕೊಡಬೇಕು. ಮುರ್ಡೋಕ್ ಅದನ್ನು ಮುರಿದ. ನಮ್ಮ ಚಾನೆಲ್ ಹಾಕಿ, ಒಬ್ಬ ಚಂದಾದಾರನಿಗೆ ಸುಮಾರು ಹತ್ತು ಡಾಲರ್ ಲೆಕ್ಕದಲ್ಲಿ ನಾನೇ ನಿಮಗೆ ಕೊಡುತ್ತೇನೆ ಅಂದ. ಹಾಗಿದ್ದೂ ಮೊದಲ ದಿನ ಸುಮಾರು 1 ಕೋಟಿ 70 ಲಕ್ಷ ಮನೆಗೆ ಮಾತ್ರ ತಲುಪಿತು. ನ್ಯೂಯಾರ್ಕ್‌ನಲ್ಲೇ ದೊಡ್ಡ ಕೇಬಲ್ ಕಂಪನಿ ಹಾಕಿಕೊಳ್ಳಲಿಲ್ಲ. ಅಂದರೆ ಐಲ್ಸ್ ಕೂತ ಕಟ್ಟಡದ ಸುತ್ತಮುತ್ತಲ ಮನೆಯವರಿಗೇ ಅವನ ಚಾನೆಲ್ ಕಾಣುತ್ತಿರಲಿಲ್ಲ.

ಇನ್ನೊಂದು. ಅವನ ಸಿಟ್ಟಿಗೆ ಕಾರಣ ಇತ್ತು. ಹಳೇ ಕಂಪನಿಯಲ್ಲಿ ಅವನೇ ಶುರು ಮಾಡಿದ್ದ ಮಾತುಕತೆಯ ಚಾನೆಲ್ ಒಂದನ್ನು ಕಿತ್ತು, ಮೈಕ್ರೋಸಾಫ್ಟ್ ಜೊತೆ ಸೇರಿ ಎಂಎಸ್‌ಎನ್‌ಬಿಸಿ ಅನ್ನುವ ನ್ಯೂಸ್ ಚಾನೆಲ್ ಮಾಡಿದರು. ಕೂಸು ಕಿತ್ತುಕೊಂಡ ಹಾಗೆ. ಫಾಕ್ಸ್‌ನ ಅರ್ಧ ಬಲ ಆ ಸೇಡಿನಿಂದ ಬಂದದ್ದು. ಆ ಎಪಿಸೋಡಿನ ಕಾವು ಆಮೇಲೆ ಯಾವುದರಲ್ಲೂ ಇಲ್ಲ.

ಪಾವಗಡದ ಬಿಸಿಲು

ಎಲ್ಲರಿಗೂ ನಮಸ್ಕಾರ. ನಾನು ಯೂನಿವರ್ಸಿಟಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. 2001ನ್ನು ನಾಲ್ಕಕ್ಕೆ ಇಳಿಸಿದ್ದು ಅನ್ಯಾಯ ಅಕ್ಕ.

ಈಗ ನಾವು ಯಾವ ಕನ್ನಡ ನ್ಯೂಸ್ ಚಾನೆಲ್ ಹಾಕಿದರೂ ಪರದೆ ತುಂಬಾ ಬ್ರೇಕಿಂಗ್, ಕೆಳಗೆ ಓಡುವ ಸಾಲು, ಹಿಂದೆ ಢಂ ಢಂ ಸಂಗೀತ. ಇದೆಲ್ಲ ಎಲ್ಲಿಂದ ಬಂತು ಅಂತ ನನಗೆ ಕುತೂಹಲ. 2001ರ ಸೆಪ್ಟೆಂಬರ್ 11ರಂದೇ ಅಮೆರಿಕದ ಮೂರೂ ನ್ಯೂಸ್ ಚಾನೆಲ್‌ಗಳು ಆ ಓಡುವ ಸಾಲನ್ನು ಹಾಕಿದ್ದು. ಅವತ್ತು ಅಗತ್ಯ ಇತ್ತು, ಒಂದೇ ಹೊತ್ತಿಗೆ ಹತ್ತು ಸುದ್ದಿ ಬರುತ್ತಿದ್ದವು. ಅಗತ್ಯ ಮುಗಿದ ಮೇಲೂ ವರ್ಷಗಟ್ಟಲೆ ತೆಗೆಯಲಿಲ್ಲ.

ಎಪಿಸೋಡಿನಲ್ಲಿ ನನಗೆ ಅತಿ ಕಷ್ಟ ಆದದ್ದು, ಉರಿಯುವ ಕಟ್ಟಡದಿಂದ ಜನ ಬೀಳುವ ದೃಶ್ಯವನ್ನು ಪ್ರಸಾರ ಮಾಡಬೇಕಾ ಬೇಡವಾ ಅನ್ನುವ ಭಾಗ. ಸುದ್ದಿಮನೆಯವರು ಹಿಂಜರಿಯುತ್ತಾರೆ. ಐಲ್ಸ್ ಮಾತ್ರ ತೋರಿಸಲೇಬೇಕು ಅನ್ನುತ್ತಾನೆ. ಕ್ಲಾಸಿನಲ್ಲಿ ನಾವು ನೀತಿ ಸಂಹಿತೆ ಅಂತ ಪಾಯಿಂಟು ಬರೆದು ಹತ್ತು ಅಂಕ ತೆಗೆಯುತ್ತೇವೆ. ಇಲ್ಲಿ ಅದೇ ಪ್ರಶ್ನೆ, ಉತ್ತರಕ್ಕೆ ಅರ್ಧ ನಿಮಿಷ. ಅಲ್ಲಿಂದ ಮುಂದೆ ಅಧ್ಯಕ್ಷರ ಕಚೇರಿಗೂ ಚಾನೆಲ್‌ಗೂ ಗೋಡೆಯೇ ಇರುವುದಿಲ್ಲ, ಇರಾಕ್ ಯುದ್ಧವನ್ನು ಸೋಪಿನ ಹಾಗೆ ಮಾರುತ್ತಾರೆ. 2003ರಲ್ಲಿ ಯುದ್ಧ ಆಯಿತು. ಇದ್ದಾವೆ ಅಂದ ಅಸ್ತ್ರಗಳು ಸಿಗಲೇ ಇಲ್ಲ.

ಅವನು ಹಾಳಾದದ್ದು ಆ ದಿನ. 2016ರಲ್ಲಿ ಹೊರಗೆ ಗೊತ್ತಾಯಿತು ಅಷ್ಟೆ.

ತಿಪಟೂರು ವಕೀಲೆ

ನಾನು 2016ರ ಪರ. ಐದನೇ ಸ್ಥಾನ ನೋಡಿ ಬೇಜಾರಾಯಿತು, ಯಾಕೆ ಅಂತ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಈ ಕೇಸಿನ ಜಾಣತನ ಆ ಎಪಿಸೋಡಿನಲ್ಲಿದೆ. ಗ್ರೆಚನ್ ಅವರ ಕೆಲಸದ ಒಪ್ಪಂದದಲ್ಲಿ ಒಂದು ಕಲಮು ಇತ್ತು. ಕಂಪನಿ ಜೊತೆ ಏನೇ ತಕರಾರು ಬಂದರೂ ಕೋರ್ಟಿಗೆ ಹೋಗುವ ಹಾಗಿಲ್ಲ, ಮುಚ್ಚಿದ ಬಾಗಿಲ ಹಿಂದೆ ಮಧ್ಯಸ್ಥಿಕೆಯಲ್ಲೇ ಮುಗಿಸಬೇಕು. ಅಲ್ಲಿ ಹೋದರೆ ಹೊರಗೆ ಒಂದು ಅಕ್ಷರ ಬರುವುದಿಲ್ಲ. ಅದಕ್ಕೇ ಅವರ ವಕೀಲರು ಕಂಪನಿ ಮೇಲೆ ಹಾಕಲೇ ಇಲ್ಲ. ಐಲ್ಸ್ ಎಂಬ ವ್ಯಕ್ತಿಯ ಮೇಲೆ ಹಾಕಿದರು, ನ್ಯೂಜೆರ್ಸಿ ಕೋರ್ಟಿನಲ್ಲಿ, 2016ರ ಜುಲೈ 6ಕ್ಕೆ. ಬಾಗಿಲು ಮುಚ್ಚಿದ್ದರೆ ಕಿಟಕಿಯಿಂದ ಬಂದರು. ಬೇರೆ ಹೆಂಗಸರೂ ಒಬ್ಬೊಬ್ಬರಾಗಿ ಮುಂದೆ ಬಂದರು. ಜುಲೈ 21ಕ್ಕೆ ರಾಜೀನಾಮೆ. ಅದೇ ರಾತ್ರಿ ಟ್ರಂಪ್ ಪಕ್ಷದ ವೇದಿಕೆ ಮೇಲೆ ನಿಂತು ಅಭ್ಯರ್ಥಿಯಾಗಿ ಭಾಷಣ ಮಾಡುತ್ತಿದ್ದರು. ಐಲ್ಸ್ ಜೀವಮಾನವಿಡೀ ಕಾದಿದ್ದ ಗಳಿಗೆ ಅದು, ಆ ಹೊತ್ತಿಗೆ ಅವನು ತನ್ನ ಕಟ್ಟಡದೊಳಗೆ ಕಾಲಿಡುವ ಹಾಗಿರಲಿಲ್ಲ.

ಹೋಗುವಾಗ ಅವನಿಗೆ ಸುಮಾರು 4 ಕೋಟಿ ಡಾಲರ್. ಗ್ರೆಚನ್ ಅವರಿಗೆ ರಾಜಿಯಲ್ಲಿ 2 ಕೋಟಿ, ಜೊತೆಗೆ ಕಂಪನಿಯ ಕ್ಷಮೆ. ತಪ್ಪು ಮಾಡಿದವನಿಗೆ ಎರಡರಷ್ಟು! ರಾಜಿಯ ಷರತ್ತಿನಿಂದ ಅವರು ಒಳಗೆ ಏನಾಯಿತು ಅಂತ ಪೂರ್ತಿ ಮಾತಾಡುವ ಹಾಗೂ ಇಲ್ಲ. ಆದರೆ ಅವರು ಸುಮ್ಮನೆ ಕೂರಲಿಲ್ಲ. ಇಂಥ ಕಿರುಕುಳದ ದೂರುಗಳನ್ನು ಬಲವಂತವಾಗಿ ಮಧ್ಯಸ್ಥಿಕೆಗೆ ತಳ್ಳುವ ಹಾಗಿಲ್ಲ ಅಂತ 2022ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಕಾನೂನೇ ಬಂತು, ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರಲ್ಲಿ ಅವರು ಮುಖ್ಯರು. ಐಲ್ಸ್ ಅದನ್ನು ನೋಡಲಿಲ್ಲ. 2017ರ ಮೇ 18ಕ್ಕೆ ತೀರಿಕೊಂಡ.

ನವೋಮಿ ವಾಟ್ಸ್ ಗ್ರೆಚನ್ ಪಾತ್ರದಲ್ಲಿ ಕೂಗುವುದಿಲ್ಲ, ಅಳುವುದೂ ಕಡಿಮೆ. ಕಾಗದ ಓದುತ್ತಾರೆ, ಕೇಳುತ್ತಾರೆ, ಮತ್ತೆ ಕೇಳುತ್ತಾರೆ. ನನ್ನ ಮುಂದೆ ಬಂದು ಕೂರುವ ಹೆಣ್ಣುಮಕ್ಕಳು ಹೀಗೇ ಇರುತ್ತಾರೆ. ಗಟ್ಟಿಯಾಗಿ ಇರುತ್ತಾರೆ, ಕೈ ಮಾತ್ರ ನಡುಗುತ್ತಿರುತ್ತದೆ.

ಹೇಳಿ ಮೇಡಂ, ಇದು ಐದನೆಯದು ಹೇಗೆ?

ಅಮಾನಿಕೆರೆ ದಂಡೆ

ವಕೀಲೆ ಮೇಡಂ, ನೀವು ಕೇಳಿದ ಮೇಲೆ ಸುಮ್ಮನೆ ಪಟ್ಟಿ ಅಂತ ಜಾರಿಕೊಳ್ಳುವುದು ಸರಿಯಲ್ಲ. ನಿಜವಾದ ಕಾರಣ ಹೇಳುತ್ತೇನೆ.

ನಾನು 2003ರಲ್ಲಿ ಇಲ್ಲೇ ಒಂದು ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಕೆಲಸಕ್ಕಿದ್ದೆ. ಹೆಸರು ಬೇಡ. ಸಂಜೆ ಅರ್ಧ ಗಂಟೆ ಊರ ಸುದ್ದಿ, ಉಳಿದ ಹೊತ್ತು ಹಳೇ ಸಿನಿಮಾ ಹಾಡು, ಮದುವೆ ಮನೆಯ ಶುಭಾಶಯ. ಸ್ಟುಡಿಯೋ ಅಂದರೆ ಒಂದು ರೂಮು. ಗೋಡೆಗೆ ನೀಲಿ ಬಟ್ಟೆ, ಎರಡು ಟ್ಯೂಬ್‌ಲೈಟು, ಎರಡು ಹ್ಯಾಲೊಜೆನ್. ರೆಕಾರ್ಡಿಂಗ್ ಹೊತ್ತಿಗೆ ಸದ್ದಾಗುತ್ತದೆ ಅಂತ ಫ್ಯಾನ್ ಆಫ್ ಮಾಡುತ್ತಿದ್ದರು. ಸುದ್ದಿ ಓದುವ ಹುಡುಗಿಯ ಮುಖದ ಪೌಡರು ಬೆವರಿಗೆ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ನಾನು ಬಾಗಿಲ ಹತ್ತಿರ ಟೇಬಲ್ ಹಾಕಿಕೊಂಡು ಕೂರುತ್ತಿದ್ದೆ. ಫೋನು, ಜಾಹೀರಾತಿನ ರಸೀದಿ, ಟೇಪು ಕೊಟ್ಟಿದ್ದು ಬಂದದ್ದು, ಯಾರು ಬಂದರು ಹೋದರು, ಎಲ್ಲ ನನ್ನದೇ.

ಓನರ್ ಕೋಣೆ ನನ್ನ ಹಿಂದೆ. ಇಂಟರ್‌ಕಾಮ್ ಎರಡು ಸಲ ಬಡಿದರೆ ಸುದ್ದಿ ಓದುವ ಹುಡುಗಿಯನ್ನು ಒಳಗೆ ಕಳಿಸಬೇಕು ಅಂತ. ನಾನು ಸ್ಟುಡಿಯೋ ಬಾಗಿಲಿಗೆ ಹೋಗಿ "ಸರ್ ಕರೀತಿದಾರೆ" ಅನ್ನುತ್ತಿದ್ದೆ. ಅಷ್ಟೇ ನನ್ನ ಮಾತು. ಮೊದಲ ವಾರ ಆ ಹುಡುಗಿ ನಗುತ್ತಾ ಎದ್ದು ಬರುತ್ತಿದ್ದಳು. ಎರಡನೇ ತಿಂಗಳು ದುಪಟ್ಟಾ ಎರಡು ಸುತ್ತು ಸುತ್ತಿಕೊಂಡು ಬರುತ್ತಿದ್ದಳು. ಒಂದು ದಿನ ಬರಲೇ ಇಲ್ಲ. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ಸೋಮವಾರ ಬೇರೆ ಹುಡುಗಿ ಬಂದಳು, ಆ ಬಾಗಿಲಿಗೆ ನಾನೇ ಮತ್ತೆ ಹೋದೆ.

ಜೂಡಿ ಅಲ್ಲಿ ಕೂತು ಯಾವ ಭಾವನೆಯೂ ಇಲ್ಲದೆ ಒಳಗೆ ಹೋಗಿ ಅನ್ನುವಾಗ ನನಗೆ ಮೈಯೆಲ್ಲ ಬಿಸಿಯಾಯಿತು. 2016ರಲ್ಲಿ ಕೇಸು ಇದೆ, ವಕೀಲರಿದ್ದಾರೆ, ದಿನಾಂಕ ಇದೆ. 2008ರಲ್ಲಿ ಬಾಗಿಲು ಮಾತ್ರ ಇದೆ. ಆ ಬಾಗಿಲು ನನಗೆ ಗೊತ್ತು.

ಶಿರಾ ಗೇಟ್

ಅಕ್ಕ, ಯಾವ ಚಾನೆಲ್ ಅಂತ ನಾನು ಕೇಳುವುದಿಲ್ಲ. ಆಗ ಊರಿನಲ್ಲಿ ಇದ್ದ ಎಲ್ಲ ಲೋಕಲ್ ಚಾನೆಲ್‌ಗಳೂ ನನ್ನ ಕಂಟ್ರೋಲ್ ರೂಮಿನಿಂದ ಹೋಗುತ್ತಿದ್ದವು. ಆರು ತಿಂಗಳಿಗೆ ಒಂದು ಹೊಸ ಮುಖ ಬರುತ್ತಿತ್ತು. ಸಂಬಳ ಸಾಲದೆ ಬಿಡುತ್ತಾರೆ ಅಂತ ನಾವು ಗಂಡಸರು ಮಾತಾಡಿಕೊಳ್ಳುತ್ತಿದ್ದೆವು. ಇನ್ನೊಂದು ಯೋಚನೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂದಿತ್ತು. ತಿಂಗಳ ಬಾಡಿಗೆ ಸರಿಯಾಗಿ ಬರುತ್ತಿತ್ತು, ಸುಮ್ಮನಾದೆ.

ನನ್ನ ಪಟ್ಟಿ ಹಾಗೇ ಇರಲಿ. ಆದರೆ ನಿಮ್ಮದು ಯಾಕೆ ಹಾಗಿದೆ ಅಂತ ಈಗ ಅರ್ಥವಾಯಿತು.

ತಿಪಟೂರು ವಕೀಲೆ

ಮೇಡಂ, ನೀವು ಹೇಳಿದ 2003ರಲ್ಲಿ ನಮ್ಮಲ್ಲಿ ಇದಕ್ಕೆ ಅಂತ ಕಾನೂನೇ ಇರಲಿಲ್ಲ. ಕೆಲಸದ ಜಾಗದ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು, ಅದರ ಮಾರ್ಗಸೂಚಿ, ಅಷ್ಟೇ. ಐದಾರು ಜನರ ಆಫೀಸಿಗೆ ಅದು ಯಾವತ್ತೂ ತಲುಪಲಿಲ್ಲ. ಕಾನೂನು ಬಂದದ್ದು 2013ರಲ್ಲಿ.

ಇಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿಗೆ ಹೇಳುತ್ತೇನೆ, ಪಟ್ಟಿಗೆ ಸಂಬಂಧ ಇಲ್ಲದಿದ್ದರೂ ಪರವಾಗಿಲ್ಲ. ಹತ್ತು ಜನ ಅಥವಾ ಜಾಸ್ತಿ ಇರುವ ಕಡೆ ಒಳಗೇ ಒಂದು ದೂರು ಸಮಿತಿ ಇರಲೇಬೇಕು, ಅದರ ಅಧ್ಯಕ್ಷತೆ ಹೆಂಗಸಿನದೇ. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಓನರ್ ಮೇಲೆಯೇ ಆಗಿದ್ದರೆ, ಜಿಲ್ಲೆಗೆ ಒಂದು ಸ್ಥಳೀಯ ಸಮಿತಿ ಇರುತ್ತದೆ, ಅಲ್ಲಿಗೆ ಕೊಡಬಹುದು. ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು. ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಮಯ ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಬರೆಯಲು ಬರದಿದ್ದರೆ ಬರೆಸಿಕೊಡುವುದು ಸಮಿತಿಯವರ ಕೆಲಸ.

ಪಾವಗಡದ ಬಿಸಿಲು

ಅಕ್ಕ, ಆ ಹುಡುಗಿ ಆಮೇಲೆ ಸಿಕ್ಕಿದ್ದರಾ? ಕೇಳಬಾರದಿತ್ತು ಅನಿಸಿದರೆ ಉತ್ತರ ಬೇಡ.

ಅಮಾನಿಕೆರೆ ದಂಡೆ

ಕೇಳಬಹುದು ತಮ್ಮ. ಸಿಕ್ಕಿದ್ದಳು. ಹನ್ನೊಂದು ವರ್ಷ ಆದಮೇಲೆ, ಬಸ್ ಸ್ಟ್ಯಾಂಡಿನಲ್ಲಿ. ಅವಳೇ ನನ್ನನ್ನು ಗುರುತು ಹಿಡಿದಳು. ಮಧುಗಿರಿ ಬಸ್ಸಿಗೆ ಕಾಯುತ್ತಿದ್ದಳು, ಪಕ್ಕದಲ್ಲಿ ಮಗ, ಕೈಯಲ್ಲಿ ಹೂವಿನ ಪೊಟ್ಟಣ. ಚೆನ್ನಾಗಿದ್ದೀರಾ ಅಂದಳು. ನಾನು ಏನೇನೋ ಮಾತಾಡಿದೆ. ಮಗನ ಸ್ಕೂಲು, ಬಿಸಿಲು. ಕೊನೆಗೆ ಅವಳೇ ಅಂದಳು, "ಅಕ್ಕ, ನೀವು ಸರ್ ಕರೀತಿದಾರೆ ಅಂದಮೇಲೆ ಯಾವಾಗಲೂ ಗೋಡೆ ಕಡೆ ನೋಡ್ತಿದ್ರಿ." ಬೈಯಲಿಲ್ಲ. ಹಾಗೇ ನೆನಪಾಯಿತು ಅನ್ನುವ ಹಾಗೆ ಹೇಳಿದಳು. ಬಸ್ಸು ಬಂತು, ಹತ್ತಿ ಹೋದಳು. ಒಂದು ಮಾತು ಹೇಳಬೇಕಿತ್ತು ನಾನು. ಬಾಯಿಗೆ ಬರಲಿಲ್ಲ.

ಗುಬ್ಬಿ ಹುಡುಗ

ಅಕ್ಕ, ನಾನು ಈ ವಾರ 2008 ಮತ್ತೆ ನೋಡುತ್ತೇನೆ. ಜೂಡಿ ಪಾತ್ರ ಮಾಡಿದ ಅಲೆಕ್ಸಾ ಪಲಾಡಿನೋ ಕಡೆ ನಾನು ಗಮನವೇ ಕೊಟ್ಟಿರಲಿಲ್ಲ, ನಟನೆ ಬಗ್ಗೆ ಅಷ್ಟುದ್ದ ಬರೆದೂ.

ಒಂದು ಬಾಕಿ ಇದೆ. 2015 ಎರಡನೆಯದು ಅಂದಿರಿ, ಯಾಕೆ ಅಂತ ಹೇಳಲೇ ಇಲ್ಲ.

ಅಮಾನಿಕೆರೆ ದಂಡೆ

ಆ ಫೋನಿಗಾಗಿ. ಗ್ರೆಚನ್ ಅವರು ಐಲ್ಸ್ ಕೋಣೆಗೆ ಹೋಗುವ ಮೊದಲು ರೆಕಾರ್ಡಿಂಗ್ ಒತ್ತುತ್ತಾರೆ. ನಿಜ ಜೀವನದಲ್ಲೂ ಒಂದು ವರ್ಷಕ್ಕೂ ಜಾಸ್ತಿ ಹೀಗೇ ಮಾಡಿದರು. ನ್ಯೂಯಾರ್ಕ್‌ನಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬರಿಗೆ ಗೊತ್ತಿದ್ದರೆ ರೆಕಾರ್ಡ್ ಮಾಡಬಹುದು, ಕಾನೂನು ಅಡ್ಡ ಬರುವುದಿಲ್ಲ. ಎಲ್ಲರೂ ಮಾತು ನುಂಗುವ ಕಟ್ಟಡದಲ್ಲಿ ಒಬ್ಬರು ಮಾತು ಕೂಡಿಡುತ್ತಿದ್ದಾರೆ. ಅವನು ಮಾತಾಡುತ್ತಲೇ ಇದ್ದಾನೆ, ನನಗೆ ಉಸಿರು ಹಿಡಿದುಕೊಂಡಿತ್ತು.

2003ರಲ್ಲಿ ನಮ್ಮ ಕೈಯಲ್ಲಿ ಅಂಥ ಫೋನು ಇರಲಿಲ್ಲ. ರಿಜಿಸ್ಟರ್ ಇತ್ತು. ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರು, ಎಷ್ಟು ಹೊತ್ತಿಗೆ ಹೊರಗೆ ಬಂದರು, ನೀಲಿ ಪೆನ್ನಿನಲ್ಲಿ ನಾನೇ ಬರೆಯುತ್ತಿದ್ದೆ. ಅವಳ ಹೆಸರೂ ಇತ್ತು, ಅವಳ ನಂತರ ಬಂದವಳದ್ದೂ. ನಾನು ಕೆಲಸ ಬಿಟ್ಟ ದಿನ ಅದು ಟೇಬಲ್ ಮೇಲೆಯೇ ಇತ್ತು, ನನ್ನ ಟಿಫನ್ ಡಬ್ಬಿ ಪಕ್ಕದಲ್ಲಿ. ಡಬ್ಬಿ ತೆಗೆದುಕೊಂಡು ಬಂದೆ.